ಅವಳಿ ಕಡಸು, ಅವಳಿ ಸೊಸೆ

ಇವತ್ತು ನಮ್ಮ ಕೊಟ್ಟಿಗೆಯಲ್ಲಿ ಹಸುವಿನ ಡಾಕ್ಟರ ಮುಂದೆ ನನ್ನ ವಿಚಾರಣೆಯೂ ಆಗಿಹೋಯಿತು, ಸ್ನೇಹಿತರೇ.

ನಮ್ಮ ಕಡಸು ಗೌರಿ ಬೆಳೆದು ನಿಂತರೂ ಬೆದೆಗೆ ಬಂದಿರಲಿಲ್ಲ. ಬದಲಿಗೆ ಹೋರಿಯ ಹಾಗೆ ಗುಟುರು ಹಾಕುತ್ತಾ ಬೇರೆ ಹಸುಗಳ ಮೇಲೆ ಹತ್ತುತ್ತಿತ್ತು. ಸಾದಲಿಯಿಂದ ಬಂದ ಡಾಕ್ಟರು ಪರೀಕ್ಷೆ ಮಾಡಿ, "ಇದ್ರ ಜೊತೆ ಗಂಡುಕರು ಹುಟ್ಟಿತ್ತಾ?" ಎಂದು ಕೇಳಿದರು.

"ಹೂನಪ್ಪ, ಅವಳಿ. ಗಂಡು ಉಳೀಲಿಲ್ಲ," ಎಂದರು ನಮ್ಮತ್ತೆ.

"ಅದಕ್ಕೇ ಹಿಂಗೆ. ತಾಯಿ ಹೊಟ್ಟೇಲಿ ಎರಡರ ರಕ್ತಾನೂ ಸೇರ್ಕೊಳುತ್ತೆ. ಗಂಡಿನ ಹಾರ್ಮೋನು ಇದಕ್ಕೆ ಹರಿದು ಗರ್ಭಕೋಶ ಸರಿಯಾಗಿ ಬೆಳೆದಿಲ್ಲ. ಇದು ಕರು ಹಾಕಲ್ಲಮ್ಮ."

ಹುಟ್ಟುವ ಮೊದಲೇ ಒಂದು ಜೀವದ ಸ್ವಭಾವ ಹೀಗೆ ಬದಲಾಗುತ್ತದಾ ಎಂದು ನಾನು ಬೆರಗಾಗಿ ನಿಂತಿದ್ದೆ. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಡಾಕ್ಟ್ರೇ, ನಮ್ ಸೊಸೇನೂ ಅವಳ ತಮ್ಮನ ಜೊತೇಲೇ ಹುಟ್ಟಿದ್ದು!"

ಮದುವೆಯಾಗಿ ಎರಡು ವರ್ಷ, ಮಕ್ಕಳಿನ್ನೂ ಆಗಿಲ್ಲ.

ಡಾಕ್ಟರು ನಕ್ಕರು. "ಮನುಷ್ಯರಲ್ಲಿ ಹಂಗಾಗಲ್ಲಮ್ಮ. ಅಕ್ಕ ತಮ್ಮ ಅವಳಿ ಆದ್ರೆ ರಕ್ತ ಹಂಗೆ ಸೇರಲ್ಲ."

"ಗೌರೀನ ಮಾರಿಬಿಡೋದಾ ಅತ್ತೆ?" ಎಂದೆ, ಮಾತು ಬದಲಿಸಲು.

"ಯಾಕೆ ಮಾರ್ಬೇಕು? ಕರು ಹಾಕ್ದಿದ್ರೆ ಸಗಣಿ ಹಾಕ್ತಾಳೆ. ಹಿಪ್ಪುನೇರಳೆ ತೋಟಕ್ಕಾಗುತ್ತೆ, ಇರ್ಲಿ ಬಿಡಮ್ಮ."

ಗೌರಿ ಉಳಿದುಕೊಂಡಳು. ಆದರೆ ಮಧ್ಯಾಹ್ನದಿಂದ ಅತ್ತೆ ನನಗೆ ಲೋಟದ ಮೇಲೆ ಲೋಟ ಬಾದಾಮಿ ಹಾಲು ತಂದುಕೊಡುತ್ತಿದ್ದಾರೆ. ಡಾಕ್ಟರ ಮಾತನ್ನು ಪೂರ್ತಿ ನಂಬಿದ ಹಾಗೆ ಕಾಣುತ್ತಿಲ್ಲ.