ಒಂದೇ ಸ್ವಿಚ್ಚು, ಎರಡು ಅಡುಗೆಮನೆ

ಕಾರವಾರದ ನಮ್ಮ ಆಫೀಸಿಗೆ ಬಣ್ಣ ಹೊಡೆದರು. ಅದಕ್ಕಾಗಿ ಗೋಡೆಯ ನೆಟ್‌ವರ್ಕ್ ಸ್ವಿಚ್ ಇಳಿಸಿದ್ದೆ. (ಲೈಟಿನ ಸ್ವಿಚ್ ಅಲ್ಲ, ಎಲ್ಲ ಕಂಪ್ಯೂಟರುಗಳ ವಾಯರ್ ಬಂದು ಸೇರುವ ಡಬ್ಬಿ.) ಇವತ್ತು ಮತ್ತೆ ಏರಿಸಿದೆ. ಚಂದ ಕಾಣಲಿ ಅಂತ ನೀಲಿ ವಾಯರೆಲ್ಲ ಒಂದು ಕಡೆ, ಹಳದಿಯೆಲ್ಲ ಇನ್ನೊಂದು ಕಡೆ ಚುಚ್ಚಿದೆ. ಹಸಿರು ದೀಪಗಳೆಲ್ಲ ಹತ್ತಿದವು.

ಆದರೆ ಬಿಲ್ಲಿಂಗಿನ ಶೈಲಕ್ಕನ ಕಂಪ್ಯೂಟರ್ ಪಕ್ಕದ ಪ್ರಿಂಟರ್ ಜೊತೆ ಮಾತಾಡಲೇ ಇಲ್ಲ.

ತಪ್ಪು ನನ್ನದೇ. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವನು. ಓದಿದ್ದು ನೆನಪಾಗುವುದು ನಿಧಾನ. ಆ ಸ್ವಿಚ್ಚಿನಲ್ಲಿ ವಿಎಲ್ಯಾನ್ ಮಾಡಿಟ್ಟಿದ್ದಾರೆ. ಅಂದರೆ ಡಬ್ಬಿ ಒಂದೇ, ಒಳಗೆ ಪಾಲು ಬೇರೆ. ಇಷ್ಟು ಪೋರ್ಟು (ವಾಯರ್ ಚುಚ್ಚುವ ತೂತು) ಬಿಲ್ಲಿಂಗಿಗೆ, ಇಷ್ಟು ಸಾಮಾನಿಡುವ ಸ್ಟೋರಿಗೆ. ಪಾಲು ಪೋರ್ಟಿನದು, ವಾಯರಿನ ಬಣ್ಣದ್ದಲ್ಲ. ಬೇರೆ ಪಾಲಿಗೆ ಚುಚ್ಚಿದರೆ ಪಕ್ಕದಲ್ಲೇ ಇದ್ದರೂ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವುದಿಲ್ಲ.

ಶೈಲಕ್ಕ ಸುಮ್ಮನಿರುವವರೇ? “ದೀಪ ಉರೀತದೆ, ಡಬ್ಬಿ ಒಂದೇಯ. ಮತ್ತೆ ಮಾತಿಲ್ಲ ಅಂದ್ರೆ ಎಂತದು ಮಾರಾಯಾ, ಹಿಸೆ ಆದ ಮನೆನಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಗಾದರೆ ಬಿಲ್ಲಿಂಗಿನವರು ಸ್ಟೋರಿಗೆ ಏನಾದರೂ ಹೇಳಬೇಕಾದರೆ ಹೇಗೆ, ಅಂತ ಶೈಲಕ್ಕ ಕೇಳಿದರು. ನಡುವೆ ರೌಟರ್ ಇರುತ್ತದೆ, ಇವರ ಮಾತು ಅವರಿಗೆ ಮುಟ್ಟಿಸುವುದು ಅದೇ, ಅಂದೆ.

“ಅದೇ ಹೋಗ್ಬಿಟ್ರೆ?”

ನಾನು ಅವರ ವಾಯರನ್ನು ಬಿಲ್ಲಿಂಗಿನ ಪೋರ್ಟಿಗೆ ಬದಲಿಸಿದೆ. ಪ್ರಿಂಟರ್ ಕಾಗದ ಉಗುಳಿತು.

ಅಗಸೂರಿನ ನಮ್ಮ ಮನೆಯೂ ಹಿಸೆಯಾದದ್ದೇ, ಪಾಲಾದದ್ದು. ಒಂದೇ ಜಗಲಿ, ಎರಡು ಅಡುಗೆಮನೆ. ಆ ಕಡೆ ಅಣ್ಣ, ಅತ್ತಿಗೆ. ಈ ಕಡೆ ನಾನೊಬ್ಬ. ಅಣ್ಣನಿಗೂ ನನಗೂ ಮಾತಿಲ್ಲ. ಆದರೂ ನಮ್ಮ ತಾಯಿ, ಆಯಿ, ಇದ್ದಷ್ಟು ದಿನ ನಡೆಯಿತು. ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯ ಬೈಗುಳ (ಸ್ವಲ್ಪ ಸಿಹಿ ಬೆರೆಸಿ) ಅಲ್ಲಿಗೆ.

ಮಳೆ ಹಿಡಿಯುವ ಮೊದಲು ಆಯಿ ಹೋದಳು. ಅತ್ತಿಗೆ ಮಾಡಿದ ಬಂಗಡೆ ಮೀನಿನ ಸಾರನ್ನು ಕೊನೆಯ ಸಲ ಆಯಿ ತಂದಿಟ್ಟ ಬೋಗುಣಿ ನನ್ನಲ್ಲೇ ಉಳಿದಿದೆ. ನಮ್ಮ ಕಡೆ ಸಾರು ಬಂದ ಪಾತ್ರೆಯನ್ನು ಖಾಲಿ ಹಿಂದೆ ಕಳಿಸುವುದಿಲ್ಲ. ತುಂಬಿಸಬಹುದು. ಕಳಿಸುವುದು ಯಾರ ಕೈಯಲ್ಲಿ, ನೀವೇ ಹೇಳಿ?

ಇವತ್ತು ಮನೆಗೆ ಮರಳುವ ಬಸ್ಸಿನಲ್ಲೂ ಶೈಲಕ್ಕನ ಪ್ರಶ್ನೆ ಬೆನ್ನು ಬಿಡಲಿಲ್ಲ. ಅಂಕೋಲೆಯಲ್ಲಿ ಇಳಿದು ಬಂಗಡೆ ತಂದೆ. ಸಾರು ಮಾಡಿ ಬೋಗುಣಿ ತುಂಬಿಸಿದೆ. ಗೋಡೆಯಾಚೆ ಅಣ್ಣ ಕೆಮ್ಮುವುದು ಕೇಳುತ್ತಿದೆ. ಇಲ್ಲಿ ಸಾರು ಆರುತ್ತಿದೆ, ನಾನು ಮೊಬೈಲಿನಲ್ಲಿ ಇದನ್ನು ಒಂದೊಂದೇ ಅಕ್ಷರ ಒತ್ತುತ್ತ ಕೂತಿದ್ದೇನೆ.

ಕಂಪ್ಯೂಟರಿಗೆ ಕಾಲಿಲ್ಲ, ರೌಟರ್ ಬೇಕೇ ಬೇಕು. ನನಗೇನಾಗಿದೆ?