ಅಂಗೈ ಮೇಲೆ ಒಂದು ಚಮಚ ಶೀಕರಣಿ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅತ್ತಿಯ ಮೂಗುತಿ ಎಡಕ್ಕಿತ್ತೋ ಬಲಕ್ಕಿತ್ತೋ ಈಗ ಹೇಳಲಾರೆ. ಮೂಗು ಮಾತ್ರ ಚೆನ್ನಾಗಿ ನೆನಪಿದೆ. ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಗೊನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಒಂದೊಂದೇ ಹಣ್ಣಿನ ತೊಟ್ಟಿಗೆ ಮೂಗು ಹಚ್ಚಿ ಹೇಳುತ್ತಿದ್ದಳು: "ಇದು ಇವತ್ತ ತಿನ್ನೂದು. ಇದು ನಾಡದ ತಿನ್ನೂದು. ಇದು ಎಂದೂ ಹಣ್ಣಾಗೂದಲ್ಲ, ನಿಮ್ಮಪ್ಪನ ಹಂಗ."

ನನ್ನ ಅಪ್ಪ ಅವಳ ತಮ್ಮ. ಮಹಾದೇವಿ ಅತ್ತಿ ಕಮಲಾಪುರದಲ್ಲಿದ್ದಳು, ನಾವು ಕಲಬುರಗಿಯಲ್ಲಿ. ನಮ್ಮ ಬಳಗದಲ್ಲಿ ಮದುವೆ ಗೊತ್ತಾದರೆ ಮುಹೂರ್ತಕ್ಕೆ ಸ್ವಾಮಿಗಳನ್ನು, ಊಟಕ್ಕೆ ಅತ್ತಿಯನ್ನು ಕೇಳುವುದು ರೂಢಿ. ಅಡುಗೆಯವರು ಮೊದಲು ಮನೆಗೆ ಮಾದರಿ ತಂದು ಅವಳಿಗೆ ಕೊಡಬೇಕು. ಅವಳು ತಟ್ಟೆ ಮುಟ್ಟುತ್ತಿರಲಿಲ್ಲ. ಅಂಗೈ ಚಾಚಿ "ಹಾಕು" ಎನ್ನುತ್ತಿದ್ದಳು. ನೆಕ್ಕಿದ ಮೇಲೆ ತೀರ್ಪು. "ನಿನ್ನ ಎಣಗಾಯಿ ತಿಂದ್ರ ಬೀಗರು ಹೆಣ್ಣು ಬಿಟ್ಟು ಓಡಿ ಹೋಗ್ತಾರಪ್ಪ." ಇನ್ನೊಬ್ಬನಿಗೆ, "ಹುಗ್ಗಿ ಛಲೋ ಆಗ್ಯದ. ಗ್ವಾಡಿಗಿ ಪೋಸ್ಟರ್ ಹಚ್ಚಾಕ ಬರ್ತದ." ಆ ಅಡುಗೆಯವನು ಆಮೇಲೆ ನಮ್ಮ ಓಣಿಯ ಕಡೆಗೇ ಬರಲಿಲ್ಲ.

ನಾವೆಲ್ಲ ನಗುತ್ತಿದ್ದೆವು, ಅವ್ವನೊಬ್ಬಳನ್ನು ಬಿಟ್ಟು. ಅವ್ವ ಮದುವೆಯಾಗಿ ಬಂದ ವರ್ಷ ಮೊದಲ ಸಲ ಹೋಳಿಗೆ ಮಾಡಿದ್ದಳು. ಅತ್ತಿ ನೆಂಟರ ಎದುರಿಗೇ ಅದನ್ನು ಹರಿದು, ಮೂಸಿ, ಹೊರಗೆ ಕಟ್ಟಿದ್ದ ಎಮ್ಮೆಯ ಮುಂದೆ ಎಸೆದಳು. ಎಮ್ಮೆ ಮುಖ ತಿರುಗಿಸಿತಂತೆ. "ನೋಡು ಗಿರಿಜಾ, ಎಮ್ಮಿಗೂ ಬುದ್ಧಿ ಅದ," ಅಂದಳಂತೆ ಅತ್ತಿ. ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಎಮ್ಮೆಯ ಮುಖ ನನಗೆ ನೆನಪಿದೆ. ನನ್ನ ನೆನಪಿನ ಯೋಗ್ಯತೆ ಇಷ್ಟು.

ನನ್ನ ಮದುವೆ ಗೊತ್ತಾಯಿತು. ರಿಸೆಪ್ಷನ್ ಊಟಕ್ಕೆ ಏನು ಮಾಡಿಸುವುದು ಎಂದು ಅತ್ತಿಯನ್ನು ಕರೆಸಿದೆವು. "ಪನೀರು, ಗೋಬಿ ಎಲ್ಲಾರ ಮನ್ಯಾಗೂ ಇರ್ತದ. ಮಂದಿ ಕೈ ತೊಳಕೊಂಡ ಕೂಡ್ಲೇ ಮರೀತಾರ," ಅಂದಳು. "ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಾಲ್ದಿ ಇರಲಿ. ಆದ್ರ ಕೆಂಪು ಬಾಳಿಹಣ್ಣಿನ ಶೀಕರಣಿ ಮಾಡಸ್ರಿ. ಈಕಿ ಮಕ್ಕಳ ಮದುವಿತನಕಾ ನೆನಸ್ತಾರ."

ಮಾದರಿಗೆ ಹಣ್ಣು ಆರಿಸಲು ಅವಳ ಜೊತೆ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋದೆ. ಅವತ್ತು ಅತ್ತಿ ಹಣ್ಣನ್ನು ಮೂಸಲಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹುಳಿ ವಾಸನೆ ಹೊಡೆಯುತ್ತಿದ್ದ ಒಂದನ್ನು ಎತ್ತಿ, "ಇದು ನಾಡದ," ಅಂದಳು.

"ಅತ್ತಿ, ಇದು ಕೊಳೆತದಲ್ಲ?"

ಅವಳು ನನ್ನ ಮುಂಗೈ ಹಿಡಿದಳು. "ಹ್ವಾದ ವರ್ಷ ಜ್ವರ ಬಂತಲ್ಲ, ಅವಾಗಿಂದ ಏನೂ ತಿಳಿಯಂಗಿಲ್ಲವ್ವ. ವಾಸನಿನೂ ಇಲ್ಲ, ರುಚಿನೂ ಇಲ್ಲ. ಮಣ್ಣು ತಿಂದ್ಹಂಗ. ನಿನ್ನ ಮದುವಿ ಒಂದು ಮರ್ಯಾದಿಲೆ ದಾಟಿಸ್ತೀನಿ. ನಿಮ್ಮವ್ವಗ ಹೇಳಬ್ಯಾಡ."

ಹೇಳುವುದಿಲ್ಲ ಅಂದೆ. ಅದೇ ಸಂಜೆ ಅವ್ವನಿಗೆ ಹೇಳಿದೆ. ಯಾಕೆ ಹೇಳಿದೆ ಎಂದು ಡೈರಿಯಲ್ಲಿ ಮೂರು ಸಲ ಬರೆದಿದ್ದೇನೆ. ಮೂರು ಸಲವೂ ಕಾರಣ ಬೇರೆ.

ಭಾನುವಾರ ಅಡುಗೆಯವರು ಬಂದರು. ಗಂಡಿನ ತಾಯಿಯೂ ಬಂದಿದ್ದರು. ಅತ್ತಿ ಚಾಪೆಯ ಮೇಲೆ ಕೂತು ಅಂಗೈ ಚಾಚಿದಳು. ಪ್ರತಿಯೊಂದನ್ನೂ ಬಾಯಿಗೆ ಹಾಕಿಕೊಂಡು, ಪಕ್ಕದಲ್ಲಿ ತಿನ್ನುತ್ತಿದ್ದವರ ಮುಖ ನೋಡಿ, ಆಮೇಲೆ ಮಾತಾಡುತ್ತಿದ್ದಳು. ಒಂದೂ ತಪ್ಪಲಿಲ್ಲ. ಗೊತ್ತಿಲ್ಲದವರಿಗೆ ಎಂದಿನ ಅತ್ತಿಯೇ.

ಕೊನೆಗೆ ಶೀಕರಣಿ. ಅದನ್ನು ಅವ್ವ ಒಳಗೆ ತಾನೇ ಕಲಸಿದ್ದಳು. ಮೊದಲು ಅತ್ತಿಗೇ, ಬೇರೆ ಯಾರಿಗೂ ಇಲ್ಲ. ಹಾಗಾಗಿ ನೋಡಲು ಯಾರ ಮುಖವೂ ಇರಲಿಲ್ಲ. ಒಂದು ಚಮಚ ಅಂಗೈಗೆ ಬಿತ್ತು. ಅತ್ತಿ ನೆಕ್ಕಿ ಕಣ್ಣು ಮುಚ್ಚಿದಳು.

"ಛಲೋ ಆಗ್ಯದ. ಸಕ್ರಿ ಒಂದೀಟು ಜಾಸ್ತಿ ಆತು ನೋಡ್ರಿ."

ಬೀಗತಿ ನಗುನಗುತ್ತ ಒಂದು ಚಮಚ ಬಾಯಿಗಿಟ್ಟವರು ಸೆರಗಿಗೇ ಉಗುಳಿದರು. "ಅಯ್ಯ, ಇದು ಬರೇ ಉಪ್ಪದರೀ!"

"ಅಕ್ಕಾ," ಅಂದಳು ಅವ್ವ, ತಣ್ಣಗೆ. "ಎಮ್ಮಿಗಿ ಬುದ್ಧಿ ಇತ್ತು."

ಮೊದಲು ಅಡುಗೆಯವನು ನಕ್ಕ. ಆಮೇಲೆ ಎಲ್ಲರೂ. ಬೀಗತಿಯ ಮಾತು ಅತ್ತಿಗೆ ಸರಿಯಾಗಿ ಕೇಳಿಸಿರಲಿಲ್ಲ ಅಂತ ಕಾಣುತ್ತದೆ. ಎಲ್ಲರ ಮುಖ ನೋಡಿ, ತಾನೂ ನಕ್ಕಳು. "ಯಾಕ್ರಿ, ಏನಾತು? ಯಾಕ ನಗಲಾಕತ್ತೀರಿ?" ಎಂದು ನಗುತ್ತಲೇ ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು. ನಗು ನಿಂತಿತು. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಬಹಳ ಹೊತ್ತು.

ರಿಸೆಪ್ಷನ್‌ಗೆ ಬಂದಿದ್ದಳು. ಊಟದ ಕೊನೆಯ ಸಾಲಿನಲ್ಲಿ ಕೂತು ಬಡಿಸಿದ್ದನ್ನೆಲ್ಲ ಉಂಡಳು. ಶೀಕರಣಿಯನ್ನು ಜನ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದಾಗ ಅತ್ತಿ ತಲೆಯೆತ್ತಿ ಕೇಳಿದಳು: "ಹೆಂಗ ಆಗ್ಯದವ್ವ ಶೀಕರಣಿ? ನೀ ಖರೇ ಹೇಳು."

"ಛಲೋ ಆಗ್ಯದ ಅತ್ತಿ."

ನಾನು ಇನ್ನೂ ತಿಂದಿರಲಿಲ್ಲ. ಅವಳು ತಲೆಯಾಡಿಸಿ ಇನ್ನೊಂದು ಸಲ ಹಾಕಿಸಿಕೊಂಡಳು. ಮುಂದಿನ ದೀಪಾವಳಿಗೆ ಅತ್ತಿ ಇರಲಿಲ್ಲ.

ಆ ಭಾನುವಾರ ಶೀಕರಣಿಯ ಬಟ್ಟಲನ್ನು ಅವ್ವನೇ ತಂದು ಅತ್ತಿಯ ಅಂಗೈಗೆ ಹಾಕಿದಳು ಎಂದೇ ನಾನು ಇಷ್ಟು ದಿನ ಡೈರಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಆದರೆ ಬಟ್ಟಲಿನ ತಂಪು ನನ್ನ ಬೆರಳುಗಳಿಗೆ ನೆನಪಿದೆ. ಅತ್ತಿಯ ಅಂಗೈಯ ಗೆರೆಗಳು ಮೇಲಿನಿಂದ, ಬಡಿಸುವವರಿಗೆ ಕಾಣುವಂತೆ, ನೆನಪಿವೆ. ಎಮ್ಮೆಯ ಮುಖದಂತೆ ಇದೂ ಕೇಳಿ ಕಟ್ಟಿಕೊಂಡದ್ದಾಗಿರಬಹುದು. ಆದರೆ ಇದನ್ನು ನನಗೆ ಯಾರೂ ಹೇಳಿಲ್ಲ.

ಹೋದ ವಾರ ಅವ್ವ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ: "ಅವ್ವಾ, ಆ ಬಟ್ಟಲದಾಗ ಉಪ್ಪದ ಅಂತ ನನಗ ಮೊದಲೇ ಗೊತ್ತಿತ್ತೇನು?"

ಅವ್ವ ಒಂದು ಹರಳು ಹುಡುಕಿ ತೆಗೆದು ಪಕ್ಕಕ್ಕಿಟ್ಟಳು. ಮತ್ತೆ ಬೇಳೆಯಲ್ಲಿ ಬೆರಳಾಡಿಸತೊಡಗಿದಳು.