ಹೊಸ ಟೀಚರ್ ಹೆಸರಿನಲ್ಲಿ ಹನ್ನೆರಡು ಪ್ರಶ್ನೆ

ಮೂರನೆಯ ಪೀರಿಯಡ್ ಶುರುವಾಗಿ ಹತ್ತು ನಿಮಿಷಕ್ಕೆ ಕಂಪ್ಯೂಟರ್ ಕೋಣೆಯಿಂದ ಕೂಗು ಎದ್ದಿತು. ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದ ಇಂಗ್ಲಿಷ್ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ವರಾಂಡದ ಕಡೆಯ ಎರಡೂ ಕಿಟಕಿ ಮುಚ್ಚಿದರು. ಕೂಗು ನಿಲ್ಲಲಿಲ್ಲ. ಅಲ್ಲಿ ಹೊಸ ಟೀಚರ್ ಒಂಬತ್ತನೆಯ ತರಗತಿಯವರಿಗೆ ಇಂಟರ್‌ನೆಟ್ಟಿನಲ್ಲಿ ಕ್ವಿಜ್ ಆಡಿಸುತ್ತಿದ್ದರು. ಪರದೆಯ ಮೇಲೆ ಗಡಿಯಾರ ಓಡುತ್ತದೆ, ಬೇಗ ಉತ್ತರ ಒತ್ತಿದವರ ಹೆಸರು ಮೇಲಕ್ಕೇರುತ್ತದೆ.

"ಸರ್, ನಮಗೂ ಒಂದಿನ ಅದನ್ನ ಆಡಿಸ್ತೀರಾ?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಪರೀಕ್ಷೇಲಿ ಗಡಿಯಾರ ಹಾಡು ಹೇಳಲ್ಲ ಕಣಮ್ಮ. ಪುಟ ತಿರುಗಿಸು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡರು.

ಮೇಷ್ಟ್ರಿಗೆ ಐವತ್ತನಾಲ್ಕು ವರ್ಷ. ಹತ್ತೊಂಬತ್ತು ವರ್ಷಗಳಿಂದ ಆ ಶಾಲೆಯ ಹತ್ತನೆಯ ತರಗತಿಯ ಇಂಗ್ಲಿಷ್ ಅವರದೇ. ಅವರಿಗೊಂದು ಪದ್ಧತಿ ಇದೆ. ಪ್ರಬಂಧದ ಕೆಳಗೆ ಎಂದೂ 'ಚೆನ್ನಾಗಿದೆ' ಎಂದು ಬರೆಯುವುದಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಒಂದು ಪ್ರಶ್ನೆ ಬರೆಯುತ್ತಾರೆ. ಅದಕ್ಕೆ ಐದು ಸಾಲು ಉತ್ತರ ಬರೆದು ತೋರಿಸುವವರೆಗೆ ಬಿಡುವುದಿಲ್ಲ. ಮಕ್ಕಳು ಬೆನ್ನ ಹಿಂದೆ 'ಯಾಕೆ ಮೇಷ್ಟ್ರು' ಎನ್ನುತ್ತಾರೆ. ಬಸ್ ನಿಲ್ದಾಣದಲ್ಲಿ ಸಿಗುವ ಹಳೆಯ ವಿದ್ಯಾರ್ಥಿಗಳು ತಮಗೆ ಬಿದ್ದ ಪ್ರಶ್ನೆಯನ್ನು ಈಗಲೂ ಹೇಳುವುದುಂಟು. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಇರಲಿಲ್ಲ.

ಹೊಸ ಟೀಚರ್ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಅವರ ತರಗತಿಯ ಮಕ್ಕಳು ಪ್ರಬಂಧಗಳನ್ನು ಇಂಟರ್‌ನೆಟ್ಟಿನ ಒಂದು ಪುಟದಲ್ಲೇ ಬರೆಯುತ್ತಿದ್ದರು. ಅದೇ ಮಕ್ಕಳು ಈಗ ಹತ್ತನೆಯ ತರಗತಿಗೆ ಹೋಗಬೇಕು. ಅವರ ಜೊತೆಗೆ ಟೀಚರೂ ಹೋಗುತ್ತಾರೆ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ಸುತ್ತುತ್ತಿತ್ತು. ಮುಂದಿನ ಶುಕ್ರವಾರದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ತೀರ್ಮಾನ ಹೇಳುವವರಿದ್ದರು. ಅಲ್ಲಿಯವರೆಗೆ ಮೇಷ್ಟ್ರು ಎಣಿಸುತ್ತಾ ಕಳೆದರು: ಬೆಳಿಗ್ಗೆ ಗೇಟಿನ ಬಳಿ ಟೀಚರನ್ನು ಸುತ್ತುವರಿದ ಮಕ್ಕಳೆಷ್ಟು, ತಮಗೆ ಬರೀ ನಮಸ್ಕಾರ ಹೇಳಿ ದಾಟಿಹೋದವರೆಷ್ಟು.

"ಊಟಕ್ಕೆ ಕೂತಾಗಿಂದ ಆ ಟೀಚರ್ ಹುಡುಗಿ ವಿಷಯ ನಾಲ್ಕು ಸಲ ಬಂತು ರೀ," ಎಂದರು ಹೆಂಡತಿ. ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. "ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಅನುಮಾನ ಪಡ್ತಿದ್ರು."

"ತಮಾಷೆ ಸಾಕು ಕಣೇ. ಅದು ಪಾಠ ಅಲ್ಲ, ಆಟ."

"ಆಟಾನೇ ಆಗಿದ್ರೆ ನಿಮ್ಮ ಹೊಟ್ಟೆ ಯಾಕೆ ಉರೀಬೇಕು? ಹೊಟ್ಟೆಕಿಚ್ಚಿಗೆ ಮಜ್ಜಿಗೆ ಕುಡಿದ್ರೂ ತಂಪಾಗಲ್ಲ."

ಶನಿವಾರ ಅರ್ಧ ದಿನದ ಶಾಲೆ. ಎಲ್ಲರೂ ಹೋದ ಮೇಲೂ ಮೇಷ್ಟ್ರು ಸ್ಟಾಫ್ ರೂಮಿನಲ್ಲೇ ಉಳಿದರು. ಅಲ್ಲಿ ಎಲ್ಲರಿಗೂ ಸೇರಿ ಇರುವುದು ಒಂದೇ ಕಂಪ್ಯೂಟರ್. ಹೊಸ ಟೀಚರ್ ತಮ್ಮ ಪುಟ ಮುಚ್ಚದೆಯೇ ಹೋಗಿದ್ದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತದ್ದು ತಪ್ಪು ಹುಡುಕುವುದಕ್ಕೆ. ನಾಲ್ಕು ತಪ್ಪು ಸಿಕ್ಕರೆ ಸಭೆಗೆ ಮುಂಚೆ ಮುಖ್ಯೋಪಾಧ್ಯಾಯಿನಿಯ ಕಿವಿಗೆ ಹಾಕಬಹುದಿತ್ತು.

ಸಿಕ್ಕವು. ಪ್ರಬಂಧದ ಕೆಳಗೆಲ್ಲ ಚಪ್ಪಾಳೆ ತಟ್ಟುವ ಕೈಗಳ ಚಿತ್ರ, 'ಚೆನ್ನಾಗಿದೆ', ಮತ್ತೆ ಕೈಗಳು. ಮೇಷ್ಟ್ರಿಗೆ ಬಹಳ ದಿನಗಳ ಮೇಲೆ ಸಂತೋಷವಾಯಿತು. ಆಮೇಲೆ ಅಜ್ಜನ ಕ್ಷೌರದ ಅಂಗಡಿಯ ಬಗ್ಗೆ ಒಬ್ಬ ಹುಡುಗಿ ಬರೆದದ್ದು ಬಂತು. 'ಅಂಗಡಿ ಮುಚ್ಚಿದ ದಿನ ಅಜ್ಜ ಅಳಲಿಲ್ಲ' ಎಂಬಲ್ಲಿಗೆ ಅದು ಮುಗಿದಿತ್ತು. ಅದರ ಕೆಳಗೂ ಚಪ್ಪಾಳೆ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎರಡು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಇಂಗ್ಲಿಷಿನಲ್ಲಿ ಕೇಳಿದರು: 'ಅಳದೆ ಏನು ಮಾಡಿದರು?'

ನಂತರ ಇನ್ನೊಂದು ಪ್ರಬಂಧ, ಮತ್ತೊಂದು. ಎದ್ದಾಗ ಒಂದೂವರೆ ಗಂಟೆ ಕಳೆದಿತ್ತು, ಹನ್ನೆರಡು ಪ್ರಶ್ನೆಗಳಾಗಿದ್ದವು. ಕೂತ ಉದ್ದೇಶ ಮರೆತೇ ಹೋಗಿತ್ತು.

ಸೋಮವಾರ ಊಟದ ಬಿಡುವಿನಲ್ಲಿ ಹೋಗಿ ನೋಡಿದರೆ ಪುಟ ಇನ್ನೂ ತೆರೆದೇ ಇತ್ತು, ಹನ್ನೊಂದಕ್ಕೆ ಉತ್ತರ ಬಂದಿತ್ತು. ಕ್ಷೌರದಂಗಡಿಯ ಹುಡುಗಿ ಹೀಗೆ ಬರೆದಿದ್ದಳು: 'ಮೂರೂ ಕನ್ನಡಿ ಒರೆಸಿದರು, ಮಿಸ್. ಇನ್ನು ಯಾರೂ ಮುಖ ನೋಡಿಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಒರೆಸಿದರು. ಕೇಳಿದ್ದಕ್ಕೆ ಥ್ಯಾಂಕ್ಸ್, ಮಿಸ್.'

ಮಿಸ್. ಮೇಷ್ಟ್ರು ಮತ್ತೆ ಮೇಲಿಂದ ನೋಡಿದರು. ತಾವು ಬರೆದ ಪ್ರತಿಯೊಂದು ಪ್ರಶ್ನೆಯ ಪಕ್ಕದಲ್ಲೂ ಹೊಸ ಟೀಚರ ಹೆಸರಿತ್ತು, ನಗುವ ಪುಟ್ಟ ಫೋಟೊ ಇತ್ತು. ಪುಟ ತೆರೆದಿದ್ದವರು ಅವರು. ಅಲ್ಲಿ ಯಾರು ಬರೆದರೂ ಅದು ಅವರ ಖಾತೆಗೇ ಸೇರುತ್ತದೆ ಎಂಬುದು ಮೇಷ್ಟ್ರಿಗೆ ಹೊಳೆದಿರಲಿಲ್ಲ. ಉತ್ತರಿಸಿದ ಹನ್ನೊಂದು ಮಕ್ಕಳೂ 'ಮಿಸ್' ಎಂದೇ ಬರೆದಿದ್ದರು.

ಬಾಯಿ ಬಿಟ್ಟರೆ ಕದ್ದು ನೋಡಿದ್ದು ಬಯಲಾಗುತ್ತದೆ. ಬಿಡದಿದ್ದರೆ ಹನ್ನೆರಡೂ ಅವರ ಪಾಲು. ಮೇಷ್ಟ್ರು ನಾಲ್ಕು ದಿನ ಸುಮ್ಮನಿದ್ದರು. ಮನೆಯಲ್ಲೂ ಟೀಚರ ಸುದ್ದಿ ಎತ್ತಲಿಲ್ಲ. ಹೆಂಡತಿಗೆ ಅದೇ ಹೆಚ್ಚು ಅನುಮಾನ ತಂದಿತು.

ಶುಕ್ರವಾರದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಮಕ್ಕಳ ಪುಟದಿಂದ ತೆಗೆಸಿದ್ದ ಒಂದು ಹಾಳೆ ಹಿಡಿದು ಓದಿದರು. "'ಅಳದೆ ಏನು ಮಾಡಿದರು?' ನೋಡಿ, ಇಷ್ಟೇ ಪ್ರಶ್ನೆ. ಆ ಮಗು ಎಂಥಾ ಉತ್ತರ ಬರೆದಿದೆ! ಈ ವರ್ಷ ನಮ್ಮ ಶಾಲೇಲಿ ಇಷ್ಟು ಒಳ್ಳೆ ಪ್ರಶ್ನೆ ಇನ್ಯಾರೂ ಕೇಳಿಲ್ಲ. ಟೀಚರ್..."

"ಅದು ನಂದು!"

ಧೈರ್ಯ ಮಾಡಿ ಹೇಳಿದ ಮಾತಲ್ಲ ಅದು. ಹೊಗಳಿಕೆ ಇನ್ನೊಬ್ಬರ ಮಡಿಲಿಗೆ ಬೀಳುವುದನ್ನು ಸಹಿಸಲಾಗದೆ ಬಾಯಿಂದ ಬಿದ್ದದ್ದು. ಹದಿನಾಲ್ಕು ಮಂದಿ ತಿರುಗಿ ನೋಡಿದರು. ಮೇಷ್ಟ್ರು ಎದ್ದು ನಿಂತು ಶನಿವಾರ ನಡೆದದ್ದನ್ನು ಹೇಳಿದರು, ತಪ್ಪು ಹುಡುಕಲು ಕೂತದ್ದನ್ನೂ ಸೇರಿಸಿ.

"ಗೊತ್ತಿತ್ತು ಸರ್," ಎಂದರು ಹೊಸ ಟೀಚರ್. "ಇವತ್ತಾದ್ರೂ ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಹೇಳ್ದೇ ಇದ್ದಿದ್ರೆ ನಾನೇ ಹೇಳ್ತಿದ್ದೆ."

"ಹೇಗೆ ಗೊತ್ತಾಯ್ತು?"

"ಹನ್ನೆರಡರಲ್ಲಿ ಒಂದ್ ಕಡೇನೂ 'ಚೆನ್ನಾಗಿದೆ' ಅಂತ ಇರ್ಲಿಲ್ಲ."

ಸಭೆ ನಕ್ಕಿತು. ಮುಖ್ಯೋಪಾಧ್ಯಾಯಿನಿ ನಗಲಿಲ್ಲ. "ಪ್ರಶ್ನೆ ಒಳ್ಳೇದೇ ಮೇಷ್ಟ್ರೇ. ಆದ್ರೆ ಬೇರೆಯವರ ಹೆಸರಲ್ಲಿ ಮಕ್ಕಳಿಗೆ ಬರೆದದ್ದು ತಪ್ಪು. ಗೊತ್ತಾದ ಮೇಲೂ ಸುಮ್ನೆ ಇದ್ರಲ್ಲ, ಅದು ಇನ್ನೂ ದೊಡ್ಡ ತಪ್ಪು. ಹತ್ತನೇ ತರಗತಿ ಟೀಚರ್ ತಗೋತಾರೆ. ಒಂಬತ್ತು ನಿಮಗೆ."

ವರಾಂಡದಲ್ಲಿ ಹೊಸ ಟೀಚರ್ ಹತ್ತಿರ ಬಂದರು. ಬರೆದದ್ದನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಬದಲಿಸಲು ಬರುವುದಿಲ್ಲ ಎಂದರು; ಅವು ಮೇಷ್ಟ್ರ ಪ್ರಶ್ನೆಗಳೆಂದು ಮಕ್ಕಳಿಗೆ ತಾವೇ ಹೇಳುವುದಾಗಿಯೂ ತಿಳಿಸಿದರು.

"ಹನ್ನೆರಡೂ ಜನಕ್ಕೆ ಹೇಳಿ," ಎಂದರು ಮೇಷ್ಟ್ರು. "ಉತ್ತರ ಕೊಡದೆ ಇರೋ ಆ ಒಬ್ಬನಿಗೂ."

ಹೊಸ ಶೈಕ್ಷಣಿಕ ವರ್ಷದ ತರಗತಿ ಪಟ್ಟಿ ಸ್ಟಾಫ್ ರೂಮಿನ ಗೋಡೆಗೆ ಬಂದಿದೆ. ಒಂಬತ್ತನೆಯ ತರಗತಿಯಲ್ಲಿ ನಲವತ್ತಮೂರು ಮಕ್ಕಳು. ಶಾಲೆಯವರು ಮೇಷ್ಟ್ರ ಹೆಸರಿನಲ್ಲಿ ಒಂದು ಖಾತೆ ತೆರೆದುಕೊಟ್ಟಿದ್ದಾರೆ. ಅದರಲ್ಲಿ ಹಾಕಲು ಫೋಟೊ ತೆಗೆಸಿಕೊಳ್ಳುವುದಕ್ಕೆ ಅವರು ಈ ಭಾನುವಾರ ಸ್ಟುಡಿಯೋಗೆ ಹೋಗುತ್ತಾರೆ. ಹೆಂಡತಿ ಹೊಸ ಅಂಗಿಗೆ ಅಳತೆ ತೆಗೆದುಕೊಂಡಾಗಿದೆ.